ನಲವತ್ತು ತೂತಿನ ಹಬ್ಬು

ಕುರನೂರಿನ ನಿವೃತ್ತ ಮಾಸ್ತರರ ಅಂಗಳದಲ್ಲಿ ಮೊಮ್ಮಗನ ಸೈಕಲ್ಲು ಪೆಡಲ್ ನಿಲ್ಲಿಸಿದೊಡನೆ ಜೀರುಂಡೆಯಂತೆ ಕಿರುಚುತ್ತದೆ. ಹಿಂದಿನ ಗಾಲಿಯ ನಡುವಿನ ಅದರ ಹಬ್ಬು 36 ಹಲ್ಲಿನದು. ಚೈನು ಎಳೆದಾಗ ಹೆಚ್ಚೆಂದರೆ 10 ಡಿಗ್ರಿ ಹೊರಳಿ ಗಾಲಿಯನ್ನು ಹಿಡಿಯುತ್ತದೆ. ಅವನಿಗೆ 72ರದು ಬೇಕಂತೆ, 5 ಡಿಗ್ರಿಗೇ ಹಿಡಿಯುವಂಥದು.

“ಅಕ್ಕಲಕೋಟ ರಸ್ತೇದಾಗ ಆ ಐದು ಡಿಗ್ರಿ ಉಳಿಸಿ ಏನ್ ಮಾಡಾಂವ ಪಾ?”

ಬೇರಿಂಗಿನ ಮಾತು ಬಂದರೆ ಮಾಸ್ತರರು ಬಿಡಿ ಗುಂಡುಗಳ ಕಪ್ಪು-ಕೋನಿನ ಪಕ್ಷ. ಶಿಮಾನೊ ತನ್ನ ತುಟ್ಟಿ ಡ್ಯೂರಾ-ಏಸ್ ಹಬ್ಬಿನಲ್ಲೂ ಅದನ್ನೇ ಉಳಿಸಿಕೊಂಡಿದೆ ಎಂಬುದು ಅವರ ಬ್ರಹ್ಮಾಸ್ತ್ರ. ಗ್ರೀಸು ಮೆತ್ತಿದ ಹಿಂದಿನ ಕಪ್ಪಿನಲ್ಲಿ ಕಾಲಿಂಚಿನ ಗುಂಡುಗಳನ್ನು ಬದಿಗೆ ಒಂಬತ್ತರಂತೆ ಕೂರಿಸುವುದು ಯಾರಿಗೂ ಬಂದೀತು. ಕೋನು ಎಷ್ಟು ಬಿಗಿಯಬೇಕು? ಜಗಳ ಅಲ್ಲಿದೆ. ಮುಂದಿನ ಗಾಲಿ ಎತ್ತಿ ಬಿಟ್ಟರೆ ವಾಲ್ವಿನ ಭಾರಕ್ಕೇ ಅದು ಮೆಲ್ಲಗೆ ಹೊರಳಿ, ವಾಲ್ವು ಕೆಳಗೆ ಬಂದು, ಆಚೀಚೆ ತೂಗಿ ನಿಲ್ಲಬೇಕು. ರಿಮ್ ಹಿಡಿದು ಅಲ್ಲಾಡಿಸಿದರೆ ಕಟಕಟ ಅನ್ನಬಾರದು. ಕ್ವಿಕ್ ರಿಲೀಸ್ ಇದ್ದರೆ ಮಾತ್ರ, ಗಾಲಿ ಹೊರಗಿರುವಾಗ ಕೂದಲೆಳೆಯಷ್ಟು ಸಡಿಲ ಇರಲಿ. ಲಿವರ್ ಒತ್ತಿದಾಗ ಎಕ್ಸಲ್ ಕುಗ್ಗಿ ಅದು ತಾನೇ ಮಾಯವಾಗುತ್ತದೆ. ಇಷ್ಟು ತಿಳಿಯದವರು ಬಿಗಿದೂ ಬಿಗಿದೂ ಕೋನಿಗೆ ಹೊಂಡ ಬೀಳಿಸಿ, ಕಂಪನಿಯನ್ನು ಬೈಯುತ್ತಾರೆ.

ಮಾಸ್ತರರ ಸ್ವಂತ ಸೈಕಲ್ಲು ಕರಿ ಬಣ್ಣದ ಹಳೇ ಗಟ್ಟಿ ಜಾತಿಯದು. ಮುಂದಿನ ಹಬ್ಬಿಗೆ 32 ತೂತು, ಹಿಂದಿನದಕ್ಕೆ 40. ಬ್ರಿಟಿಷರಿಂದ ಬಂದ ಲೆಕ್ಕ. ಎರಡು ಗಾಲಿಗೂ 36ರಂತೆ ಸಮ ಹಂಚಿದರೂ ಒಟ್ಟು 72 ಕಡ್ಡಿಯೇ; ಆದರೆ ಸವಾರನ ಭಾರದ ದೊಡ್ಡ ಪಾಲು, ಕ್ಯಾರಿಯರಿನ ಮೇವಿನ ಹೊರೆ, ಹಾಲಿನ ಕ್ಯಾನು ಎಲ್ಲವೂ ಹಿಂದಿನ ಗಾಲಿಯ ಮೇಲೆಯೇ ತಾನೇ? ಅದಕ್ಕೇ ಮುಂದಿನ ನಾಲ್ಕು ಹಿಂದಕ್ಕೆ ಬಂದಿವೆ. ಎಂಥ ಸಮಾಜವಾದ! ಒಂದೇ ಪೇಚು: 40ರ ಹಬ್ಬಿಗೆ 36ರ ರಿಮ್ಮು ಕೂಡುವುದಿಲ್ಲ. ಹಬ್ಬು ಕೊಳ್ಳುವವರು ಮೊದಲು ತೂತೆಣಿಸಬೇಕು, ಆಮೇಲೆ ಫ್ರೇಮಿನ ಅಗಲ ಅಳೆಯಬೇಕು. ಹಿಂದೆ 135 ಮಿ.ಮೀ. ಇರುವಲ್ಲಿ 142ರದು ತಂದರೆ ಪೇಟೆಗೆ ಇನ್ನೊಂದು ಸಲ ಹೋಗಬೇಕಾದೀತು.

ಸೀಲ್ಡ್ ಬೇರಿಂಗಿನ ಮೇಲೂ ಅವರಿಗೆ ಹಗೆಯಿಲ್ಲ. ಒಳಗೆ 6001ರಂಥ ಸಾಮಾನ್ಯ ನಂಬರಿದ್ದರೆ ಬೇರಿಂಗ್ ಯಾವ ಊರಿನ ಅಂಗಡಿಯಲ್ಲೂ ಸಿಕ್ಕೀತು. ಸಿಟ್ಟು ಬರುವುದು ಸೈಕಲ್ಲು ತೊಳೆಯುವ ಪ್ರೆಶರ್ ಪೈಪು ಕಂಡಾಗ. ಬೋರಿ ನದಿ ದಂಡೆಯ ಎರೆಮಣ್ಣು ಒಣಗಿದ ಮೇಲೆ ಕಡ್ಡಿಯಿಂದ ಕೆರೆದು, ಬಟ್ಟೆಯಿಂದ ಒರೆಸಿದರೆ ಮುಗಿಯಿತು. ಸರ್ವಿಸಿಂಗಿನ ಹುಡುಗರೋ, ಸೀಲ್ ಇದೆಯಲ್ಲ ಎಂದು ಹಬ್ಬಿಗೇ ಗುರಿಯಿಟ್ಟು ಹೊಡೆಯುತ್ತಾರೆ. ಆ ತೆಳು ರಬ್ಬರು ಧೂಳಿಗೆ, ಮಳೆಹನಿಗೆ ತಡೆ, ಈ ಏಟಿಗಲ್ಲ. ನೀರು ನುಗ್ಗಿ, ಗ್ರೀಸು ಕೆಟ್ಟು, ಗುಂಡಿಗೆ ತುಕ್ಕು ಹಿಡಿಯುತ್ತದೆ. ಮುಂದಿನ ಸಲದ ಬಿಲ್ಲಿನಲ್ಲಿ ಅವರೇ ‘ಬೇರಿಂಗ್ ಬದಲಾವಣೆ’ ಎಂದು ಬೇರೆ ಬರೆಯುತ್ತಾರೆ.