ಅಟ್ಟದ ಮೇಲಿನ ಕಾಯಿ

ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿಯಲ್ಲಿ ಗುಬ್ಬಿ, ನಿಟ್ಟೂರು ದಾಟಿದರೆ ಕಿಬ್ಬನಹಳ್ಳಿ ಕ್ರಾಸ್. ಬಸ್ಸಿನವರ ಬಾಯಲ್ಲಿ ಅದು ಕೆ.ಬಿ. ಕ್ರಾಸ್. ನೇರ ಹೋದರೆ ತಿಪಟೂರು, ಬಲಕ್ಕೆ ಚಿಕ್ಕನಾಯಕನಹಳ್ಳಿ, ಎಡಕ್ಕೆ ತುರುವೇಕೆರೆ. ಯಾವ ದಾರಿ ಹಿಡಿದರೂ ತೆಂಗಿನ ತೋಟಗಳು ಜೊತೆ ಬಿಡುವುದಿಲ್ಲ.

ಒಂದು ಭಾನುವಾರ ನಾನಲ್ಲಿ ಇಳಿದದ್ದು ತಪ್ಪಿತಸ್ಥನಂತೆ. ಹಿಂದಿನ ವಾರ ಕನ್ನಡ ಮೇಷ್ಟ್ರು ರಜೆಯಲ್ಲಿದ್ದರು. ಅವರ ಬದಲು ಹತ್ತನೇ ತರಗತಿಗೆ ಹೋಗಿ ‘ನಮ್ಮ ಊರು’ ಎಂಬ ಪ್ರಬಂಧ ಬರೆಸಿದ್ದೆ. ಕಿಬ್ಬನಹಳ್ಳಿಯ ಹುಡುಗನೊಬ್ಬ ಖಾಲಿ ಹಾಳೆ ಕೊಟ್ಟ. ‘ಹತ್ತು ಸಾಲು ಬರೆಯಲಾರದವನು ಪರೀಕ್ಷೆಯಲ್ಲಿ ಏನು ಕಿಸಿಯುತ್ತೀಯೋ?’ ಎಂದು ಎಲ್ಲರೆದುರು ಗದರಿದೆ. ಅವನು ತಲೆ ಎತ್ತಲಿಲ್ಲ.

ಅದೇ ರಾತ್ರಿ ಶಾಲೆಯ ಸ್ಮರಣ ಸಂಚಿಕೆಗೆ ಲೇಖನ ಬರೆಯಲು ಕುಳಿತೆ. ಒಂದು ಸಾಲೂ ಬರಲಿಲ್ಲ. ಐದು ರಾತ್ರಿ ಹೀಗೇ ಕಳೆಯಿತು. ಆರನೆಯ ದಿನ ಆ ಹುಡುಗನ ಮುಖ ನೆನಪಾಯಿತು.

ಮನೆಯಲ್ಲಿ ಅವನ ತಾತ ‘ಬನ್ನಿ ಮೇಷ್ಟ್ರೇ’ ಎಂದು ಎಳನೀರು ಕೊಟ್ಟರು. ಮೇಲೆ ನೋಡಿದರೆ ಸಂದು ಬಿಟ್ಟು ಜೋಡಿಸಿದ ದಬ್ಬೆಗಳ ಅಟ್ಟ. ತುಂಬ ಮಟ್ಟೆ ಸುಲಿಯದ ಕಾಯಿ. ಬಲಿತ ಕಾಯಿಯನ್ನು ಹತ್ತು ಹನ್ನೆರಡು ತಿಂಗಳು ಹೀಗೆ ಬಿಡುತ್ತಾರೆ. ಒಳಗಿನ ನೀರು ಆರುತ್ತದೆ, ತಿರುಳು ಒಣಗಿ ಕುಗ್ಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಆಗ ಒಡೆದರೆ ತಿಪಟೂರು ಮಾರುಕಟ್ಟೆಯ ಹೆಸರಾದ ಉಂಡೆ ಕೊಬ್ಬರಿ.

ತಾತ ಒಂದು ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ‘ಇನ್ನೂ ನೀರೈತೆ. ಈಗ ಒಡುದ್ರೆ ಸಾರಿಗಾಗುತ್ತೆ, ಕೊಬ್ಬರಿ ಆಗಲ್ಲ’ ಎಂದರು.

ಅಷ್ಟರಲ್ಲಿ ಹುಡುಗ ಬಂದ. ಮೊದಲು ಹೆದರಿದ, ಆಮೇಲೆ ಮಾತು ಶುರುವಾಯಿತು. ಗುಳುಗುಳು ಎಂದರೆ ನೀರು, ಲೊಡಲೊಡ ಎಂದರೆ ಕೊಬ್ಬರಿ. ಇಲಿ ಯಾವ ಮೂಲೆಯಿಂದ ಬರುತ್ತದೆ, ನುಸಿ ಬಿದ್ದ ಕಾಯಿಯ ತೊಟ್ಟಿನ ಕೆಳಗೆ ಕಂದು ಕಲೆ ಹೇಗೆ ಹಬ್ಬುತ್ತದೆ, ಆ ವರ್ಷ ಅಕ್ಕನ ಮದುವೆ ಯಾಕೆ ಮುಂದಕ್ಕೆ ಹೋಯಿತು... ಅರ್ಧ ಗಂಟೆ ಹೇಳಿದ.

‘ಇದನ್ನೇ ಬರೆಯಬಹುದಿತ್ತಲ್ಲೋ?’ ಎಂದೆ.

‘ಇದನ್ನೆಲ್ಲ ಪ್ರಬಂಧದಲ್ಲಿ ಬರೀಬಹುದಾ ಸಾರ್?’ ಎಂದ.

ಆ ಪ್ರಶ್ನೆ ನನಗೇ ತಗುಲಿತು. ಐದು ರಾತ್ರಿ ನಾನು ಹುಡುಕಿದ್ದೂ ದೊಡ್ಡ ಮಾತುಗಳನ್ನೇ, ಕಂಡದ್ದನ್ನಲ್ಲ.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದವರು ತೀ.ನಂ. ಶ್ರೀಕಂಠಯ್ಯ. ನಮ್ಮ ಹಿಂದಿನವರ ಕಾವ್ಯವಿಚಾರವನ್ನು ಅವರು ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಕನ್ನಡಕ್ಕೆ ಬಿಡಿಸಿಟ್ಟರು. ಆ ಹಿರಿಯರು ಬರವಣಿಗೆಗೆ ಬೇಕೆಂದದ್ದು ಮೂರು: ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ. ಪ್ರತಿಭೆ ಹುಟ್ಟಿನಿಂದ ಬರುವುದಿರಬಹುದು. ಲೋಕವನ್ನೂ ಗ್ರಂಥಗಳನ್ನೂ ನೋಡಿ ಗಳಿಸುವ ವ್ಯುತ್ಪತ್ತಿ ಮತ್ತು ದಿನವೂ ಮಾಡುವ ಅಭ್ಯಾಸ ನಮ್ಮ ಕೈಯಲ್ಲೇ ಇವೆ. ನಾವಾದರೋ ಸ್ಫೂರ್ತಿ ಬರಲಿಲ್ಲವೆಂದು ಕೊರಗುತ್ತೇವೆ. ಕಾಯಿಯನ್ನೇ ಏರಿಸದ ಅಟ್ಟದಿಂದ ಕೊಬ್ಬರಿ ಇಳಿಯುವುದೆಲ್ಲಿಂದ?

ಡಾರ್ವಿನ್ ಬೀಗಲ್ ಹಡಗಿನಿಂದ ಮರಳಿದ್ದು 1836ರಲ್ಲಿ, ಅವನ ಮಹಾಗ್ರಂಥ ಹೊರಬಂದದ್ದು 1859ರಲ್ಲಿ. ನಡುವೆ 23 ವರ್ಷ. ಆದರೆ ಹಡಗಿನಲ್ಲಿದ್ದಾಗಲೇ ಕಂಡದ್ದನ್ನೆಲ್ಲ ಪುಸ್ತಕಗಳಲ್ಲಿ ಗುರುತು ಹಾಕಿಕೊಂಡಿದ್ದ.

ವಿದ್ಯಾರ್ಥಿಗಳೇ, ಪ್ರಯೋಗಾಲಯದ ದಾಖಲೆಯಲ್ಲಿ ಮೊದಲು ವೀಕ್ಷಣೆ, ಆಮೇಲೆ ತೀರ್ಮಾನ ತಾನೇ? ಪ್ರಬಂಧಕ್ಕೂ ಅದೇ ನಿಯಮ. ಪೀಠಿಕೆ ಹೊಳೆಯದಿದ್ದರೆ ಬಿಡಿ. ಕಣ್ಣಾರೆ ಕಂಡ ಐದು ಸಂಗತಿಗಳನ್ನು ಗುರುತು ಹಾಕಿ. ಒಂದನ್ನು ಹಿಡಿದು ಅಲ್ಲಿಂದ ಹೊರಡಿ. ದಿನಕ್ಕೆ ನಾಲ್ಕು ಸಾಲಿನ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಇವತ್ತು ಉಪಯೋಗಕ್ಕೆ ಬಾರದ್ದು ಬರುವ ವರ್ಷ ಬಂದೀತು. ತಂದೆತಾಯಂದಿರಲ್ಲೂ ಒಂದು ಕೋರಿಕೆ: ಗೈಡಿನ ಪ್ರಬಂಧ ಬಾಯಿಪಾಠ ಮಾಡಿಸುವ ಬದಲು, ಊಟದ ಹೊತ್ತಿಗೆ ‘ಇವತ್ತು ಏನು ನೋಡಿದೆ?’ ಎಂದು ಕೇಳಿ.

ಸೋಮವಾರ ತರಗತಿಯಲ್ಲಿ ಎಲ್ಲರೆದುರೇ ನನ್ನ ಮಾತು ಹಿಂದಕ್ಕೆ ತೆಗೆದುಕೊಂಡೆ. ಅವನು ಪ್ರಬಂಧ ತಂದುಕೊಟ್ಟ. ಒಂದೂವರೆ ಪುಟ, ಕಾಗುಣಿತದ ತಪ್ಪು ಹದಿನಾಲ್ಕು. ಆದರೆ ಅದರಲ್ಲಿದ್ದ ಅಟ್ಟ, ಇಲಿ, ಅಕ್ಕನ ಮದುವೆ ಯಾವ ಗೈಡಿನಲ್ಲೂ ಇರಲಿಲ್ಲ. ಆ ರಾತ್ರಿ ನನ್ನ ಲೇಖನವೂ ಮುಗಿಯಿತು. ಪೀಠಿಕೆಯನ್ನು ಕಡೆಗೆ ಬರೆದೆ.