ಅಪ್ಪ ಕೊಯ್ದ ಏಳು ತುಂಡು

ನಮ್ಮವ್ವಗ ಈಗ 83 ವರ್ಷ. ಮುಂಜಾನೆ ತಿಂದದ್ದು ಮಧ್ಯಾಹ್ನಕ್ಕ ನೆನಪಿರಂಗಿಲ್ಲ. ಆದ್ರ ಊಟ ಆದ ಮ್ಯಾಲೆ ತಗಡಿನ ಡಬ್ಬಿ ಮಾತ್ರ ತಪ್ಪಸಂಗಿಲ್ಲ. ಅದರೊಳಗ ನಮ್ಮಪ್ಪ ಸಾಗವಾನಿ ಹಲಗಿ ಕೊಯ್ದು ಮಾಡಿದ ಟ್ಯಾಂಗ್ರಾಮ್ ಅದ. ಅಪ್ಪ ಸಾಲಿ ಮಾಸ್ತರ, ಗಣಿತ ಕಲಸ್ತಿದ್ದ. ನಾನು ನಾಲ್ಕನೇತ್ತಾ ಇದ್ದಾಗ ಮಾಡಿದ್ದು. ಅವ್ವ ಚಾಪಿ ಮ್ಯಾಲೆ ತುಂಡು ಹರವಿ, ಚೌಕ ಜೋಡಿಸಿ, ಕೆಡವಿ, ಮತ್ತ ಜೋಡಸ್ತಾಳ.

ಹೋದ ದೀಪಾವಳಿಗೆ ಮನಿ ಸುಣ್ಣಾ ಬಳಿಸಿದ್ವಿ ನೋಡ್ರಿ, ಆ ಗದ್ದಲದಾಗ ಒಂದು ತುಂಡು ಹೋತು. ಅವ್ವ ಖಾಲಿ ಜಾಗಾದ ಮ್ಯಾಲೆ ಬಟ್ಟಿಟ್ಟು, "ಇಲ್ಲೊಂದಿತ್ತಲ್ಲ?" ಅಂತ ಕೇಳೂದು ಶುರು ಮಾಡಿದಳು. ದಿನಕ್ಕ ಇಪ್ಪತ್ತು ಸಲ. ಹುಡುಕಿ ಕೊಡ್ತೀನಿ ಅಂದ್ರ ಅದನ್ನೂ ಮರೀತಾಳ, ಖಾಲಿ ಜಾಗಾ ಮಾತ್ರ ಮರೀಲಿಲ್ಲ.

ಹೊಸಾ ಸೆಟ್ ತರಸೋಣು ಅಂದ ಮಗ. ಪ್ಲಾಸ್ಟಿಕ್ಕಿಂದು ಬಂತು. ಅವ್ವ ಮುಟ್ಟಲೇ ಇಲ್ಲ.

ಆಗ ಅವನ ನನ್ನ ಫೋನಿನ್ಯಾಗ ಜಿಯೋಜೀಬ್ರಾ ಹಾಕಿ ಕೊಟ್ಟ. 2001ರಾಗ ಆಸ್ಟ್ರಿಯಾದ ಮಾರ್ಕುಸ್ ಹೋಹೆನ್ವಾರ್ಟರ್ ಅನ್ನವರು ಶುರು ಮಾಡಿದ್ದಂತ, ರೊಕ್ಕಾ ಇಲ್ಲ. ತುಂಡಿನ ಫೋಟೊ ಏರಿಸಿ, ಮೂಲಿಗೊಂದು ಚುಕ್ಕಿ ಇಟ್ರ ಬಾಜು ಎಷ್ಟು, ಕೋನ ಎಷ್ಟು, ಕ್ಷೇತ್ರಫಲ ಎಷ್ಟು ಅಂತ ತಾನ ಹೇಳ್ತದ. ನಂದು ಪಿ.ಯು.ಸಿ.ಗೆ ನಿಂತ ಗಣಿತ. ಅಡಗಿ ಕಟ್ಟಿ ಮ್ಯಾಲೆ, ಕುಕ್ಕರ್ ಸೀಟಿ ಎಣಿಸ್ಕೋತ ಕಲ್ತೆ ಅನ್ರಿ.

ಮೊದಲನೇ ದಿನ ಚೌಕದ ಮೂಲಿ 86 ಡಿಗ್ರಿ ತೋರಿಸ್ತು. ಅಪ್ಪ ತಪ್ಪಿರಲಿಕ್ಕಿಲ್ಲ ಅಂತ ನೋಡಿದ್ರ, ನಾನ ಫೋನ್ ಓರೆ ಹಿಡಿದಿದ್ದೆ. ಆಮ್ಯಾಲೆ ಸ್ಟೂಲ್ ಹತ್ತಿ ನೆಟ್ಟಗ ಮ್ಯಾಲಿಂದ ತಗದೆ. ಅಳತಿಗೆ ಹತ್ತು ರೂಪಾಯಿ ನಾಣ್ಯ ಬಾಜೂಕ ಇಟ್ಟೆ, ಅದು 27 ಮಿ.ಮೀ. ಅಗಲ. ನಾಣ್ಯನ್ನ ನೆಲದ ಮ್ಯಾಲೆ ಇಟ್ರ ನಡೆಯಂಗಿಲ್ಲರಿ. ತುಂಡು ದಪ್ಪ ಇರ್ತದ, ಅದರ ಮುಖ ಕ್ಯಾಮೆರಾಕ್ಕ ಹತ್ರ, ಅದಕ್ಕ ದೊಡ್ಡದು ಕಾಣಸ್ತದ. ನಾಣ್ಯನೂ ತುಂಡಿನ ಎತ್ತರಕ್ಕ ಬರಬೇಕು.

ಡಬ್ಬಿ ಮುಚ್ಚಳದ ಒಳಗ ಅಪ್ಪ "12 ಸೆಂ.ಮೀ." ಅಂತ ಬರದಿದ್ದ. ಅಂದ್ರ ಪೂರಾ ಚೌಕ 144. ದೊಡ್ಡ ತ್ರಿಕೋನ ಎರಡು, ಒಂದೊಂದು 36. ಸಣ್ಣವು ಎರಡು, ಒಂದೊಂದು 9. ನಡುವಿನ ತ್ರಿಕೋನ, ಸಣ್ಣ ಚೌಕ, ಓರೆ ತುಂಡು ಮೂರೂ 18! ರೂಪ ಬ್ಯಾರೆ, ಜಾಗಾ ಒಂದಽ. ಕ್ಷೇತ್ರಫಲ ಒಂದನ್ನೇ ನೋಡಿದ್ರ ಯಾವ್ದು ಹೋಗೇದ ಅಂತ ತಿಳೀತಿರಲಿಲ್ಲ. ಹೋದದ್ದು ಓರೆ ತುಂಡು, ಸಮಾನಾಂತರ ಚತುರ್ಭುಜ.

ಉಳಿದ ಆರು ಕೂಡಿದ್ರ 126 ಬರಬೇಕು. ಬಂದದ್ದು ಹತ್ತತ್ರ 121. ಮಗ ನಕ್ಕ, "ಅಜ್ಜಾರು ಗಣಿತದಾಗ ತಪ್ಪ್ಯಾರ." ನನಗ ಸಿಟ್ಟು ಬಂತು, ಉತ್ತರ ಮಾತ್ರ ಇರಲಿಲ್ಲ. ಉತ್ತರ ಹೇಳಿದವ ನಮ್ಮ ಓಣಿ ಬಡಿಗ್ಯಾ. "ಗರಗಸ ಹಾದಿ ತಿಂತದ್ರಿ ಅಕ್ಕಾ. ಪುಡಿ ಆಗಿ ಬೀಳೂದು ಎಲ್ಲಿಂದ ಬರ್ತದ?" ಒಂದೇ ಹಲಗಿ ಏಳು ತುಂಡು ಮಾಡಿದ್ರ ಪ್ರತಿ ಗೆರಿಗೂ ಗರಗಸದ ದಪ್ಪದಷ್ಟು ಕಟ್ಟಿಗಿ ಹೋಗ್ತದ, ಮ್ಯಾಲೆ ಉಸುಗಿನ ಕಾಗದ ಬ್ಯಾರೆ. ಅಂದ್ರ ಲೆಕ್ಕದ 6 ಮತ್ತ 4.24 ಸೆಂ.ಮೀ. ಬಾಜು ಹಿಡಿದು ಕೊಯ್ಸಿದ್ರ ಹೊಸಾ ತುಂಡು ಕೂಡಂಗಿಲ್ಲ. ಆರು ತುಂಡು ಒತ್ತಿ ಜೋಡಿಸಿ, ನಡುವಿನ ಖಾಲಿ ಜಾಗಾಕ್ಕೇ ಚುಕ್ಕಿ ಇಟ್ಟೆ. 5.9 ಮತ್ತ 4.1 ಬಂತು. ಅದನ್ನ ಹಿಡಿದೆ.

ಪ್ರಿಂಟ್ ತಗದು ಕೊಟ್ಟೆ. ಅಪ್ಪ ಒಂದೇ ಮಗ್ಗಲಕ್ಕ ಪಾಲಿಶ್ ಹೊಡದಿದ್ದ, ನಾನೂ ಹಂಗ ಹೇಳ್ದೆ. ಪಾಲಿಶ್ ಕೆರೀಬಾರ್ದು ಅಂತ ಕಾಗದ ಹಿಂದಿನ ಮಗ್ಗಲಕ್ಕ ಅಂಟಸು ಅಂತ ಹೇಳಿದವಳೂ ನಾನ. ತುಂಡು ಬಂತು, ಕೂಡವಲ್ತು! ತಿರುವಿದ್ರ ಕೂಡ್ತದ, ಆದ್ರ ಪಾಲಿಶ್ ಕೆಳಗ ಹೋಗ್ತದ. ಏಳರಾಗ ಇದೊಂದಕ್ಕೇ ಈ ಫಜೀತಿ. ಉಳಿದ ಆರನ್ನ ಕನ್ನಡಿಯೊಳಗ ನೋಡಿದ್ರೂ ಅದಽ ತುಂಡು. ಇದು ಮಾತ್ರ ಎಡಗೈ ಬಲಗೈ ಇದ್ದಂಗ, ಎಷ್ಟು ಸುತ್ತಿಸಿದ್ರೂ ಇನ್ನೊಂದಾಗಂಗಿಲ್ಲ, ಮಗುಚಿಹಾಕಬೇಕು. ಟ್ಯಾಂಗ್ರಾಮ್ ಚೀನಾದಾಗ ಹುಟ್ಟಿದ್ದು. ಏಳೂ ತುಂಡಿನಿಂದ ಒಳಗ ತಗ್ಗಿಲ್ಲದ ಆಕಾರ ಬರೇ 13 ಆಗ್ತಾವ ಅಂತ 1942ರಾಗ ಅಲ್ಲಿಯ ಇಬ್ಬರು ಗಣಿತದವರು ಸಾಧಿಸಿದ್ರಂತ. ಅಷ್ಟು ದೊಡ್ಡ ಮಾತಿನ ನಡುವ ನಾನು ಹಿಂದು ಮುಂದು ತಿಳೀದ ಕೂತಿದ್ದೆ.

ಬಡಿಗ್ಯಾ, "ಆ ಮಗ್ಗಲಕ್ಕೂ ಪಾಲಿಶ್ ಹೊಡದ್ರ ಆತಿಲ್ರಿ?" ಅಂದ. ಅಷ್ಟಽ.

ಅವ್ವನ ಮುಂದ ಇಟ್ಟೆ. ಜೋಡಿಸಿದಳು. ಸಂದಿಲ್ಲದಂಗ ಕೂತಿತು. ಮ್ಯಾಲೆ ಕೈ ಆಡಿಸಿ, ಹೊಸಾದನ್ನಷ್ಟ ತಗದು ಮೂಸಿ ನೋಡಿ, "ಇದು ಯಾರ ಮನೀದು?" ಅಂದಳು. ನನ್ನ ಕಣ್ಣಾಗ ನೀರು. ಅಳತಿ ಹಿಡಿದಿದ್ದೆ, ವಾಸನಿ ಹಿಡಿಲಿಕ್ಕೆ ಆಗಿರಲಿಲ್ಲ.

ಆದ್ರ ಅವತ್ತಿಂದ "ಇಲ್ಲೊಂದಿತ್ತಲ್ಲ" ನಿಂತದ. ಹೊಸಾದನ್ನ ದಿನಾ ಕಡೀಕೆ ಇಡ್ತಾಳ. ನಿನ್ನಿ ಡಬ್ಬಿ ಮುಚ್ಚೂಮುಂದ ಎಣಿಸಿದ್ರ ಆರಽ ಇದ್ವು. ಎದಿ ಧಸಕ್ ಅಂತು. ಏಳನೇದ್ದು ಅವ್ವನ ಸೆರಗಿನ ಗಂಟಿನ್ಯಾಗ ಇತ್ತು.