ಬೆಟ್ಟದ ನಾಡಿನ ಹಳೆಯ ಕಲ್ಲುಗಳು

ಚೆನ್ನೈನ ನಮ್ಮ ಕನ್ನಡ ಮನೆಗಳ ಹುಡುಗ ಹುಡುಗಿಯರಿಗೆ ಕೊಡಗು ಹೊಸದೇನಲ್ಲ. ರಜೆ ಬಂದರೆ ಕಾಫಿ ತೋಟ, ಅಬ್ಬಿ ಜಲಪಾತ, ದುಬಾರೆಯ ಆನೆಗಳನ್ನು ನೋಡಿಕೊಂಡು ಬರುತ್ತೀರಿ. ಹೆಸರು ಮಾತ್ರ ನಿಮ್ಮ ಬಾಯಲ್ಲಿ 'ಕೂರ್ಗ್'! ಇರಲಿ. ಆ ಪುಟ್ಟ ಬೆಟ್ಟದ ನಾಡಿನ ಹಳೆಯ ಕಥೆ ತಮಿಳುನಾಡಿನಲ್ಲಿ ಬೆಳೆದ ನಿಮಗೆ ಎಷ್ಟು ಹತ್ತಿರದ್ದು ಎಂದು ಹೇಳುವ ಆಸೆ ನನಗೆ.

ಕೊಡಗಿನ ಇತಿಹಾಸವೆಂದರೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಮಾಸ್ತಿಯವರ 'ಚಿಕವೀರ ರಾಜೇಂದ್ರ'. ಆ ರಾಜನನ್ನು ಇಂಗ್ಲಿಷರು ಪಟ್ಟದಿಂದ ಇಳಿಸಿದ್ದು 1834ರಲ್ಲಿ. ಅವನ ಹಾಲೇರಿ ವಂಶ ಅಲ್ಲಿಗೆ ಬಂದದ್ದೇ 1600ರ ಆಸುಪಾಸಿನಲ್ಲಿ. ಅದಕ್ಕೂ ಹಿಂದಿನದನ್ನು ಹೇಳುವವು ಕಲ್ಲುಗಳು. ಬೆಂಗಳೂರಿನಲ್ಲೇ ಹುಟ್ಟಿದ ಇಂಗ್ಲಿಷರವ ಬಿ.ಎಲ್. ರೈಸ್ ಅವನ್ನು ಓದಿಸಿ, 1886ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ. 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯ ಮೊದಲ ಸಂಪುಟವೇ ಕೊಡಗಿನ ಶಾಸನಗಳದ್ದು.

ಬಿಳಿಯೂರಿನ ಕಲ್ಲು ಸುಮಾರು 888ರದು. ಗಂಗ ಅರಸನು ಬಸದಿಯೊಂದಕ್ಕಾಗಿ ಸರ್ವನಂದಿ ಎಂಬ ಜೈನ ಗುರುವಿಗೆ ಹನ್ನೆರಡು ಹಳ್ಳಿ ಬಿಟ್ಟುಕೊಟ್ಟ ಸಂಗತಿ ಅದರಲ್ಲಿದೆ. ಅಲ್ಲಿಂದ ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ತಂಜಾವೂರಿನ ರಾಜರಾಜ ಚೋಳನ ಸೈನ್ಯ ಕಾವೇರಿಯ ದಂಡೆ ಹಿಡಿದು ಮೇಲೆ ಬಂತು. 1004ರ ಸುಮಾರಿಗೆ ಪನಸೋಗೆಯಲ್ಲಿ ಯುದ್ಧವಾಯಿತು. ಇಂದಿನ ಕೃಷ್ಣರಾಜನಗರ ಕಡೆಯ ಹನಸೋಗೆ ಅದು. ಅಲ್ಲಿ ಚೋಳರ ಕಡೆ ವೀರಾವೇಶದಿಂದ ಕಾದಿದವನು ಮನಿಜ. ಮೆಚ್ಚಿದ ಚಕ್ರವರ್ತಿ ಅವನಿಗೆ 'ಕ್ಷತ್ರಿಯ ಶಿಖಾಮಣಿ ಕೊಂಗಾಳ್ವ' ಎಂಬ ಬಿರುದನ್ನೂ ಮಾಲವ್ವಿ ಎಂಬ ಊರನ್ನೂ ಕೊಟ್ಟ. ಮಾಲವ್ವಿ ಎಂದರೆ ಸೋಮವಾರಪೇಟೆ ಕಡೆಯ ಮಾಲಂಬಿ.

ಹೀಗೆ ಬೆಳೆದ ಕೊಂಗಾಳ್ವರು ಒಡೆಯರ ಗೌರವಕ್ಕೆ ತಮ್ಮ ಹೆಸರಿನೊಡನೆ 'ರಾಜೇಂದ್ರ ಚೋಳ' ಎಂದು ಸೇರಿಸಿಕೊಂಡರು. ಚೋಳರು ಶೈವರು, ಇವರು ಜೈನ ಧರ್ಮ ಬಿಡಲಿಲ್ಲ. ಶಾಸನ ಬರೆಸಿದ್ದು ಕನ್ನಡದಲ್ಲಿ. ಮುಳ್ಳೂರಿನ ಬಸದಿಗಳಿಗೆ ಹೋದರೆ 1058ರ ದತ್ತಿಯ ಲೆಕ್ಕ ಸಿಗುತ್ತದೆ. ಪೋಚಬ್ಬರಸಿ ಎಂಬ ರಾಜಮಾತೆಯ ಹೆಸರು, ಆಕೆಯ ಗುರು ಗುಣಸೇನ ಪಂಡಿತರ ಹೆಸರು ಅಲ್ಲಿ ಉಳಿದಿವೆ. ಹೆಣ್ಣಿನ ಹೆಸರು ಸಾವಿರ ವರ್ಷ ಕಲ್ಲಿನ ಮೇಲೆ ನಿಂತಿದೆಯೆಂದರೆ ನನ್ನಂಥ ಗೃಹಿಣಿಗೆ ಖುಷಿಯಾಗದೆ ಇರುತ್ತದೆಯೇ?

ಹಾಗಾದರೆ ಕೊಡವರು ಎಲ್ಲಿ ಎಂದು ಕೇಳಬಹುದು. 1174ರ ಸುಮಾರಿನಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕ ಬೆಟ್ಟರಸ ಚಂಗಾಳ್ವರ ಮೇಲೆ ದಂಡೆತ್ತಿ ಹೋದ. ಪಾಲ್ಪರೆಯಲ್ಲಿ ಅವನ ಮೇಲೆ ತಿರುಗಿ ಬಿದ್ದವರ ಜೊತೆ ಎಲ್ಲ ನಾಡುಗಳ ಕೊಡಗರೂ ಇದ್ದರೆಂದು ಶಾಸನ ಹೇಳುತ್ತದೆ. ಅರಸರು ಬಂದು ಹೋದರೂ ನಾಡು ಕಾದವರು ಇವರು. ಇವರ ನೆನಪು ಕಲ್ಲಿಗಿಂತ ಹೆಚ್ಚಾಗಿ ಹಾಡಿನಲ್ಲಿತ್ತು. ನಡಿಕೇರಿಯಂಡ ಚಿಣ್ಣಪ್ಪನವರು ಆ ಹಾಡುಗಳನ್ನು ಕೂಡಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಪ್ರಕಟಿಸಿದರು. ಭಾಷೆ ಕೊಡವ ತಕ್ಕ್, ಲಿಪಿ ಕನ್ನಡ.

ಕಾವೇರಿಯ ಗಲಾಟೆ ಎದ್ದಾಗಲೆಲ್ಲ ಇಲ್ಲಿ ನಿಮ್ಮನ್ನು ಕೇಳುವವರಿದ್ದಾರೆ: 'ನೀವು ಯಾವ ಕಡೆಯವರು?' ಉತ್ತರ ಕೊಡಲು ಮುಜುಗರವಾಗುತ್ತದೆ, ಬಲ್ಲೆ. ಕೊಂಗಾಳ್ವರನ್ನು ನೆನೆಯಿರಿ. ಚೋಳರ ಹೆಸರು ಹೊತ್ತೂ ಅವರ ಕನ್ನಡ ಕುಂದಲಿಲ್ಲ. ಕನ್ನಡದಲ್ಲಿ ಬರೆಸಿದ್ದರಿಂದ ಅವರ ನಿಷ್ಠೆಗೆ ಯಾರೂ ಕೊರತೆ ಹೇಳಲಿಲ್ಲ. ತಲಕಾವೇರಿಯಲ್ಲಿ ಹುಟ್ಟಿದ ಹೊಳೆಯ ನೀರು 2004ರಿಂದ ವೀರಾಣಂ ಕೆರೆಯ ಮೂಲಕ ನಮ್ಮ ಚೆನ್ನೈನ ನಲ್ಲಿಗಳಿಗೂ ಬರುತ್ತಿದೆ. ಎರಡು ಕಡೆಯವರಾಗಿರುವುದು ಅಪರಾಧವಲ್ಲ, ಮಕ್ಕಳೇ.

ಆದರೆ ಅವರು ಬರೆಸಿಟ್ಟರು, ಆದ್ದರಿಂದ ಉಳಿದರು. ನಮ್ಮ ಮನೆಗಳಲ್ಲಿ ಕನ್ನಡ ಮಾತಿಗಷ್ಟೇ ನಿಂತಿದೆ. ಓದು ಬರಹ ಜಾರಿಹೋಗುತ್ತಿದೆ. ಈ ಪುಟವನ್ನು ಅಮ್ಮನಿಂದ ಓದಿಸಿ ಕೇಳುತ್ತಿದ್ದರೆ, ಇಂದೇ ಒಂದು ಕಾಪಿ ಪುಸ್ತಕ ತಂದು 'ಅ'ದಿಂದ ಶುರು ಮಾಡಿ.